ಫಸ್ಟ್ ಪಿಯುಸಿಯವರನ್ನು ಯಾರು ನೋಡ್ತಾರೆ?

ಮಲ್ಲೇಶ್ವರಂ
೩-೭-೧೯೯೬

ಪ್ರೀತಿಯ ಅಣ್ಣನಿಗೆ,

ನಾನೂ ನಿನ್ನ ಮಗಳು ತನ್ಮಯಿಯೂ ಕ್ಷೇಮ ಅಂತ ಬರೆಯುವುದು ವಾಡಿಕೆ. ನಾನು ಕ್ಷೇಮ. ಅವಳ ವಿಷಯಕ್ಕೇ ಈ ಕಾಗದ. ಬರುವ ಶನಿವಾರ ತಿಪಟೂರಿನಿಂದ ಬಂದು ಚಾಮರಾಜಪೇಟೆಯ ಆ ದೊಡ್ಡ ಕಾಲೇಜಿಗೆ ಅವಳನ್ನು ಸೇರಿಸುತ್ತೇನೆ ಅಂದಿದ್ದೀಯ. ಇದನ್ನು ಪೂರ್ತಿ ಓದಿ ಆಮೇಲೆ ಹೊರಡು.

ನೀನು ಹೇಳಿದಂತೆ ನಿನ್ನ ಸ್ನೇಹಿತರ ಶಿಫಾರಸು ಹಿಡಿದು ಅಲ್ಲಿಗೆ ಹೋಗಿದ್ದೆ. ಸೆಕ್ರೆಟರಿ ಎದ್ದು ನಿಂತು ಬನ್ನಿ ಬನ್ನಿ ಅಂದರು, ಕಾಫಿ ತರಿಸಿದರು, ನಮ್ಮ ತಾತ ಯಾವ ಊರಿನವರು ಅಂತ ವಿಚಾರಿಸಿದರು, ರ‍್ಯಾಂಕ್ ಬಂದವರ ಫೋಟೋ ತೋರಿಸಿದರು. ಶಿಫಾರಸಿನವರಿಗೆ ಕಾಣುವುದು ಸೆಕ್ರೆಟರಿಯ ರೂಮು, ಕಾಲೇಜಲ್ಲ. ಸೀಟು ಹಿಡಿದಿಟ್ಟಿದ್ದಾರೆ, ನಿಜ.

ಅದಕ್ಕೇ ಶುಕ್ರವಾರ ಯಾರಿಗೂ ಹೇಳದೆ ತನ್ಮಯಿಯನ್ನು ಕರೆದುಕೊಂಡು ಮತ್ತೆ ಹೋಗಿ, ಫಸ್ಟ್ ಪಿಯುಸಿ ಕ್ಲಾಸಿನ ಹೊರಗೆ ನಿಂತೆ. ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಮೇಷ್ಟ್ರ ಹಿಂದೆ ಓಡಿಬಂದು, ಸಾರ್, ಒಂದ್ಸಲ ಕನ್ನಡದಲ್ಲಿ ಹೇಳ್ತೀರಾ ಅಂದಳು. ಕನ್ನಡ ಮೀಡಿಯಮ್ಮಾ, ಹಂಗಾದ್ರೆ ಆರ್ಟ್ಸ್ ತಗೋಬೇಕಿತ್ತು ಅಂದು ಅವರು ನಡೆದೇಬಿಟ್ಟರು. ಸುತ್ತ ಇದ್ದ ಹುಡುಗರು ನಕ್ಕರು. ಎರಡನೇ ವರ್ಷದ ಒಬ್ಬಳನ್ನು ಕೇಳಿದೆ. ಒಳ್ಳೊಳ್ಳೆ ಮೇಷ್ಟ್ರೆಲ್ಲ ಸೆಕೆಂಡ್ ಇಯರ್‌ಗೇ ಆಂಟಿ, ರ‍್ಯಾಂಕ್ ಬರೋದು ಅಲ್ಲಿ ತಾನೆ, ಫಸ್ಟ್ ಇಯರ್‌ನ ಯಾರು ನೋಡ್ತಾರೆ ಅಂದಳು.

ಮನೆಗೆ ಬಂದು ನಿನ್ನ ಮಗಳು, ಅತ್ತೆ, ಫೇಲಾದ್ರೆ ಅಪ್ಪ ನಿಜವಾಗ್ಲೂ ಮದುವೆ ಮಾಡಿಬಿಡ್ತಾರಾ ಅಂದಳು. ಕನ್ನಡ ಮೀಡಿಯಮ್ಮಿನಲ್ಲಿ ಶಾಲೆಗೇ ಮೊದಲು ಬಂದ ಹುಡುಗಿಗೆ ಹಾಗೆ ಹೇಳಿ ಕಳಿಸಿದ್ದೀಯಲ್ಲ, ನಿನಗೆ ಏನನ್ನಲಿ!

ಮಾರನೇ ದಿನ ಶೇಷಾದ್ರಿಪುರಂನ ಒಂದು ಸಣ್ಣ ಕಾಲೇಜಿಗೆ ಹೋದೆವು. ಗೋಡೆ ಸುಣ್ಣ ಕಂಡು ಎಷ್ಟು ಕಾಲವಾಯಿತೋ. ಎಲ್ಲರಿಗಿಂತ ಹಿರಿಯ ಮೇಷ್ಟ್ರಾದ ಗಂಗಾಧರಯ್ಯನವರೇ ಅಲ್ಲಿ ಮೊದಲ ವರ್ಷಕ್ಕೆ ಕೆಮಿಸ್ಟ್ರಿ ಹೇಳುತ್ತಾರೆ. ಯಾಕೆ ಅಂತ ಕೇಳಿದ್ದಕ್ಕೆ, ಪಾಯ ಹಾಕೋದನ್ನ ಹೊಸಬರ ಕೈಗೆ ಬಿಡ್ತಾರೇನಮ್ಮಾ ಅಂತ ನನ್ನನ್ನೇ ಗದರಿಸಿದರು. ಕನ್ನಡ ಮೀಡಿಯಮ್ಮಿನ ಮಕ್ಕಳನ್ನು ಮಧ್ಯಾಹ್ನ ಕೂರಿಸಿಕೊಂಡು ಅದೇ ಪಾಠವನ್ನು ಕನ್ನಡದಲ್ಲಿ ಬಿಡಿಸುತ್ತಾರೆ. ಕಿಟಕಿಯಿಂದ ನೋಡಿದೆ. ಮಕ್ಕಳು ಅವರನ್ನು ತಡೆದು ತಡೆದು ಕೇಳುತ್ತಿದ್ದರು, ಒಬ್ಬರೂ ನಗಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಣ್ಣ. ಮೊದಲ ವರ್ಷವೇ ಹೆದರಿ ಬಿಟ್ಟುಹೋದವರ ಫೋಟೋ ಯಾವ ಕಾಲೇಜೂ ತೂಗುಹಾಕುವುದಿಲ್ಲ. ನಮ್ಮ ಹುಡುಗಿ ಅವರಲ್ಲಿ ಒಬ್ಬಳಾಗುವುದು ಬೇಡ. ಯೋಚಿಸಿ ನಿನ್ನ ಒಪ್ಪಿಗೆ ತಿಳಿಸು.

ನಿನ್ನ ತಂಗಿ,
ಆಂಡಾಳ್

ತಾ.ಕ.: ಒಪ್ಪಿಗೆ ಕೇಳಿದ್ದು ಮರ್ಯಾದೆಗೆ. ಸೋಮವಾರವೇ ಶೇಷಾದ್ರಿಪುರಂಗೆ ಸೇರಿಸಿಬಿಟ್ಟೆ, ಪೋಷಕಿ ಅಂತ ನಾನೇ ಸಹಿ ಹಾಕಿದ್ದೇನೆ. ಬೈಯುವುದಿದ್ದರೆ ನನ್ನನ್ನು ಬೈ, ಅವಳ ಮುಂದೆ ಮಾತ್ರ ಮದುವೆಯ ಮಾತೆತ್ತಬೇಡ. ನಿನ್ನೆ ನಾನು ಸಾರು ಬಡಿಸುತ್ತಿದ್ದರೆ, ಅವತ್ತಿನ ಪಾಠವನ್ನು ಇಂಗ್ಲಿಷಿನಲ್ಲೇ ನನಗೆ ಹೇಳಿಕೊಟ್ಟಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಅವಳಿಗೆ ತಿಳಿದಿದೆ.