ದಸೂಕಿ ಅಂಟಿಸಿದ ಸೀಲು

ನೈಲ್ ನದಿಯಾಚೆ ಮಿತ್ ಗಮ್ರ್‌ನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ದಸೂಕಿಗೆ, ನದಿಯೀಚೆ ಝಿಫ್ತಾದಲ್ಲೇ ಉಳಿದಿರುವ ಬಸ್ಯೂನಿಯ ಸಲಾಂ.

ಹದಿನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಹದಿನೈದನೆಯ ಸಲ ಅದು ರಿಂಗೇ ಆಗಲಿಲ್ಲ. ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀಯ ಎಂದು ನನ್ನ ಸೋದರ ಸೊಸೆ ರವಾನ್ ಹೇಳಿದಳು. ಮಾಡಿಕೋ. ಪತ್ರವನ್ನು ಬ್ಲಾಕ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಮೇಲಾಗಿ ಪತ್ರದ ವಿಷಯದಲ್ಲಿ ಈ ಸೀಮೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ, ಅದು ನಿನಗೂ ಗೊತ್ತು. ಗಂಡಸರೆಲ್ಲ ಇರಾಕಿಗೆ ದುಡಿಯಲು ಹೋಗಿದ್ದ ಕಾಲದಲ್ಲಿ ನಮ್ಮ ಹಳ್ಳಿಯ ಅರ್ಧ ಹೆಂಗಸರ ಪತ್ರಗಳನ್ನು ಬರೆದುಕೊಟ್ಟವನು ಆಗ ಆರನೇ ತರಗತಿಯಲ್ಲಿದ್ದ ಈ ಬಸ್ಯೂನಿ. ನಿಮ್ಮಮ್ಮನ ಪತ್ರ ಓದಿ ಬಗ್ದಾದಿನಲ್ಲಿ ನಿಮ್ಮಪ್ಪ ಅತ್ತರಂತಲ್ಲ, ಅಳಿಸಿದ್ದು ನಾನು. ಆ ಪತ್ರಗಳಲ್ಲಿ ಅಲ್ಲಲ್ಲಿ ನನ್ನದೂ ಸ್ವಲ್ಪ ಸೇರಿಸುತ್ತಿದ್ದೆ. ಇದರಲ್ಲಿ ಸೇರಿಸುವಂತಿಲ್ಲ. ಅದಕ್ಕೇ ನಾಲ್ಕು ದಿನದಿಂದ ಹಾಳೆ ಹರಿದು ಹರಿದು ಎಸೆಯುತ್ತಿದ್ದೇನೆ.

ನನಗೆ ಬೇಕಾಗಿರುವುದು ಒಂದೇ. ನೀನು ಶಾಬಾನನ ಚಹಾದಂಗಡಿಗೆ, ಕಿಟಕಿಯ ಪಕ್ಕದ ನಿನ್ನ ಕುರ್ಚಿಗೆ ವಾಪಸ್ಸು ಬರಬೇಕು. ಅಲ್ಲಿಂದ ನಿನ್ನನ್ನು ಎಬ್ಬಿಸಿದವನು ನಾನು. ಹೇಗೆ ಎಬ್ಬಿಸಿದೆ ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿಲ್ಲದ್ದೂ ಅದರಲ್ಲಿದೆ.

ನನ್ನ ತಂಗಿ ನಜಾತಳ ಮಗಳು ರವಾನ್ ಮನ್ಸೂರಾದ ಕಾಲೇಜಿನಲ್ಲಿ ಕಟ್ಟಡ ಕಟ್ಟುವ ವಿದ್ಯೆ ಓದುತ್ತಾಳೆ, ಕೊನೆಯ ವರ್ಷ. ಅವಳ ಕಂಪ್ಯೂಟರಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಇಲ್ಲದಿದ್ದರೆ ಪರೀಕ್ಷೆಗೆಂದು ಅವಳು ಬಿಡಿಸಿದ ಮಾರುಕಟ್ಟೆಯ ಕಟ್ಟಡ ಪರದೆಯ ಮೇಲೆ ಏಳುವುದೇ ಇಲ್ಲ ಎಂದಾಗ ನಾನು ಯಾರ ಹತ್ತಿರ ಬಂದೆ? ನಿನ್ನ ಹತ್ತಿರ. ಹಳೆಯ ಕಾರ್ಡೇ ಆದರೂ ನೀನು ಒಳ್ಳೆಯದನ್ನು ಹುಡುಕಿ ತಂದೆ. ಎರಡು ದಿನ ಅಂಗಡಿಯಲ್ಲಿ ಓಡಿಸಿ ನೋಡಿದೆ. ಕೊಡುವಾಗ ಅದರ ಒಂದು ಸ್ಕ್ರೂ ಮೇಲೆ ಉಗುರಗಲದ ಕಾಗದದ ಸೀಲು ಅಂಟಿಸಿ ಸಹಿ ಹಾಕಿದೆ. “ಇದು ಒಡೀದೇ ಇರೋತನಕ ಆರು ತಿಂಗಳು ಏನಾದ್ರೂ ನಂದೇ ಜವಾಬ್ದಾರಿ ಕಣೋ. ಒಡೆದ್ಯೋ, ಆಮೇಲೆ ಅದು ನಿನ್ನ ಕರ್ಮ” ಅಂದೆ.

ನಾನು ಸುಮ್ಮನಿರುವ ಜಾತಿಯವನಲ್ಲ. ಅಂಥ ಕಾರ್ಡ್ ಝಿಫ್ತಾದಲ್ಲೇ ಇಲ್ಲ, ನನ್ನ ಸೊಸೆ ಕಟ್ಟುವ ಮಾರುಕಟ್ಟೆಯ ಮುಂದೆ ಕೈರೋದವು ಕೋಳಿಗೂಡು ಎಂದು ಚಹಾದಂಗಡಿಯಲ್ಲಿ ದಿನಾ ಹೇಳಿದೆ. ಡಾಮಿನೋ ಆಡುವವರು ಆಟ ನಿಲ್ಲಿಸಿ ಕೇಳುವವರೆಗೂ ಹೇಳಿದೆ.

ಒಂದೂವರೆ ತಿಂಗಳಿಗೆ ಅದು ಕೈಕೊಡಲು ಶುರುವಾಯಿತು. ಸುಮ್ಮನೆ ಟೈಪು ಮಾಡುತ್ತಿದ್ದರೆ ಏನೂ ಇಲ್ಲ, ಸಾಧು ಹಸು. ರವಾನ್ ತನ್ನ ಮಾರುಕಟ್ಟೆಯ ಮೇಲೆ ಬಿಸಿಲು ಬೀಳಿಸಿ ಚಿತ್ರ ತೆಗೆಯಲು ಕೂತಳೋ, ಹತ್ತು ನಿಮಿಷಕ್ಕೆ ಪರದೆಯ ತುಂಬ ಹಸಿರು ಚೌಕಗಳು, ಪೆಟ್ಟಿಗೆಯೊಳಗೆ ಫ್ಯಾನುಗಳ ಬೊಬ್ಬೆ, ಆಮೇಲೆ ಕತ್ತಲು. ಮತ್ತೆ ಹಚ್ಚು, ಮತ್ತೆ ಹತ್ತು ನಿಮಿಷ, ಮತ್ತೆ ಕತ್ತಲು. ಅವಳ ಮಾರುಕಟ್ಟೆಗೆ ಚಾವಣಿ ಬಂದ ಕೂಡಲೇ ಕಂಪ್ಯೂಟರ್ ಸಾಯುತ್ತಿತ್ತು.

ನೀರಾವರಿ ಪಂಪಿನ ಮುಂದೆ ಇಪ್ಪತ್ತೇಳು ವರ್ಷ ಕೂತವನು ನಾನು. ಮೋಟಾರು ಕೆಮ್ಮಿದರೆ ಯಾವ ಬೇರಿಂಗ್ ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ಇದೇನು, ಅಂಗೈಯಗಲದ ಫ್ಯಾನು. “ಎದ್ದೇಳು ಮಗಳೇ, ಮಾವನಿಗೆ ಬಿಡು” ಅಂದೆ. ಡ್ರೈವರ್ ಅಳಿಸಿ ಮತ್ತೆ ಹಾಕಿಸಿದೆ. ಹಾಗೆಂದರೆ ಕಾರ್ಡಿಗೂ ಯಂತ್ರಕ್ಕೂ ಮಾತು ಕೂಡಿಸುವ ಪ್ರೋಗ್ರಾಮಂತೆ. ಮಾತು ಕೂಡಿತು, ಹತ್ತು ನಿಮಿಷಕ್ಕೆ ಮುರಿಯಿತು. ಕೇಬಲ್ ಬದಲಿಸಿದೆ. ಕಾರ್ಡನ್ನು ಹೊರಗೆಳೆದು ಅದರ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಫ್ಯಾನಿನ ರೆಕ್ಕೆಗಳನ್ನು ಕಲೋನ್ ಸೆಂಟು ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ. ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿಯನ್ನೇ ಹೊಸದು ಹಾಕಿದೆ. ಕೊನೆಗೆ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ಆವತ್ತು ಒಂದು ಗಂಟೆ ನಡೆಯಿತು. ನಾನು ಗೆದ್ದೆ ಎಂದು ನಜಾತಳ ಕೈಯಲ್ಲಿ ಅಕ್ಕಿ ಪಾಯಸ ಮಾಡಿಸಿದೆ. ಬಟ್ಟಲು ಖಾಲಿಯಾಗುವ ಮೊದಲೇ ಹಸಿರು ಚೌಕಗಳು.

ರವಾನ್ ಪರದೆಯ ಮೂಲೆಯ ಅಂಕಿ ತೋರಿಸಿದಳು. “ಮಾವಾ, ತೊಂಬತ್ತೇಳು ಡಿಗ್ರಿ. ಕಾರ್ಡು ಕುದೀತಿದೆ. ಬಿಚ್ಚಿ ಒಳಗೆ ನೋಡೋಣ, ಇಲ್ಲಾ ದಸೂಕಿ ಮಾವನ ಹತ್ರ ತಗೊಂಡು ಹೋಗೋಣ.” ನಾನು, “ಈ ಸೆಕೇಲಿ ನಾನೂ ಕುದೀತಿದೀನಿ, ನನ್ನೂ ಬಿಚ್ಚಿ ನೋಡ್ತೀಯಾ?” ಅಂದೆ. ಅವಳು ನಗಲಿಲ್ಲ. ಕಾಲೇಜಿನವರ ಮುಂದೆ ಮಾರುಕಟ್ಟೆಯನ್ನು ತೋರಿಸಲು ಇನ್ನು ಹದಿನೆಂಟು ದಿನ ಇತ್ತು.

ಆ ಹೊತ್ತಿಗೆ ನನ್ನ ತಲೆಯಲ್ಲಿ ರೋಗ ಯಾವುದೆಂದು ತೀರ್ಮಾನವಾಗಿಬಿಟ್ಟಿತ್ತು, ದಸೂಕಿ. ಆ ರೋಗದ ಹೆಸರು ನಿನ್ನದು. ಎಲ್ಲೋ ಹಗಲೂ ರಾತ್ರಿ ಓಡಿಸಿ ಸುಸ್ತಾದ ಕಾರ್ಡಿಗೆ ಬಣ್ಣ ಬಳಿದು ಕೊಟ್ಟಿದ್ದಾನೆ, ಅದಕ್ಕೇ ಸೀಲು ಅಂಟಿಸಿದ್ದಾನೆ ಎಂದು. ಬುಧವಾರ ಚಹಾದಂಗಡಿಯಲ್ಲಿ ಎಲ್ಲರೂ ಇದ್ದರು. ನೀನು ಸಕ್ಕರೆ ಕಲಕುತ್ತಿದ್ದೆ. “ಕಂಪ್ಯೂಟರ್ ಹೇಗಿದೆ ಬಸ್ಯೂನಿ?” ಎಂದು ಒಳ್ಳೆಯ ಮಾತಿನಲ್ಲೇ ಕೇಳಿದೆ. ನಾನು, “ತಂದೆಯಿಲ್ಲದ ಹುಡುಗಿಗೆ ಸತ್ತ ಸರಕು ಕೊಟ್ಟೋರನ್ನ ಕೇಳು. ದಸೂಕಿ ಕೈ ಶುದ್ಧ ಇಲ್ಲ, ಎಲ್ರೂ ಕೇಳಿಸ್ಕೊಳ್ಳಿ” ಅಂದೆ.

“ತಗೊಂಡು ಬಾ. ನಿನ್ನ ಮುಂದೇನೇ ಬಿಚ್ಚಿ ತೋರಿಸ್ತೀನಿ” ಅಂದೆ ನೀನು.

“ಬಿಚ್ಚಿ ಒಳಗಿರೋದನ್ನೂ ಕದಿಯೋಕಾ, ಕಳ್ಳ?”

ಅದು ನನಗೆ ಆಗ ಬಹಳ ಚುರುಕಾದ ಮಾತು ಅನ್ನಿಸಿತ್ತು. ಹಿಂದೆ ಯಾರೋ ನಕ್ಕರು ಕೂಡ. ನೀನು ಚಮಚವನ್ನು ಗಾಜಿನ ಲೋಟದಿಂದ ತೆಗೆದು ತಟ್ಟೆಯ ಮೇಲಿಟ್ಟೆ, ಸದ್ದಾಗದ ಹಾಗೆ. ಎದ್ದು ಹೋದೆ. ಮೂರು ವಾರದಲ್ಲಿ ಝಿಫ್ತಾದ ನಿನ್ನ ಅಂಗಡಿಯ ಬಾಗಿಲು ಬಿತ್ತು, ನೀನು ನದಿಯಾಚೆ ಹೋದೆ. ಕಳ್ಳ ಎಂದು ನಾನೊಬ್ಬ ಅಂದದ್ದು, ಸೇತುವೆಯವರೆಗೂ ನಿನ್ನ ಬೆನ್ನು ಹತ್ತಿತು.

ಮನೆಗೆ ಬಂದು ರವಾನ್‌ಗೆ ಆಜ್ಞೆ ಮಾಡಿದೆ. ಸೀಲು ಮುಟ್ಟುವಂತಿಲ್ಲ, ಅದು ಸಾಕ್ಷಿ. ನಾಳೆ ಪಂಚಾಯಿತಿ ಸೇರಿಸಿದಾಗ ಅವನ ಸಹಿ ಇರುವ ಸೀಲನ್ನು ಅವನ ಮುಖಕ್ಕೆ ಹಿಡಿಯುತ್ತೇನೆ ಎಂದೆ. ಅವಳು ಸ್ಕ್ರೂಡ್ರೈವರ್ ಹಿಡಿದು ಮೂರು ಸಲ ಬಂದಳು, ಮೂರು ಸಲವೂ ಕಿತ್ತುಕೊಂಡೆ. ಗೆಳತಿಯ ಮನೆಗೆ ಹೋಗಿ ಚಿತ್ರ ತೆಗೆಯುತ್ತೇನೆಂದರೆ ಅದಕ್ಕೂ ಬಿಡಲಿಲ್ಲ. ಮಾವನಿಂದ ಆಗದ್ದು ಊರವರಿಗೆ ಗೊತ್ತಾಗಬಾರದಲ್ಲ.

ಒಂಬತ್ತು ದಿನ ಉಳಿದಿತ್ತು. ನಾನು ಪಂಪಿನ ಪಾಳಿ ಮುಗಿಸಿ ಬಂದರೆ, ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ಕಾರ್ಡು ಬಿಚ್ಚಿಟ್ಟಿದ್ದಾಳೆ. ಸೀಲು ಎರಡು ತುಂಡು. ನಾನು ಬಾಯಿ ತೆರೆಯುವ ಮೊದಲೇ, “ಕೂಗಾಡ್ಬೇಡ ಮಾವಾ. ಮೊದ್ಲು ಮೂಸಿ ನೋಡು” ಅಂದಳು.

ಮೂಸಿದೆ. ಸಾಂಬ್ರಾಣಿ ವಾಸನೆ.

ನಿನಗೆ ಗೊತ್ತಿಲ್ಲದ ಭಾಗ ಇದು. ಊರಿಗೆಲ್ಲ ಜಂಬ ಕೊಚ್ಚಿದವನು ನಾನೇ, ಊರಿನ ದೃಷ್ಟಿ ತಾಗೀತೆಂದು ಹೆದರಿದವನೂ ನಾನೇ. ನಜಾತ್ ಪ್ರತಿ ಶುಕ್ರವಾರ ನಮಾಜಿನ ಮುಂಚೆ ಮನೆಯ ಮೂಲೆಮೂಲೆಗೆ ಧೂಪ ಹಿಡಿಯುತ್ತಾಳಲ್ಲ, ಎಲ್ಲರ ಮನೆಯ ಹಾಗೆ. ಮೊದಲ ಶುಕ್ರವಾರವೇ ಅವಳ ಕೈಯಿಂದ ಧೂಪದ ಕುಂಡ ತೆಗೆದುಕೊಂಡು, ಕಂಪ್ಯೂಟರ್ ಓಡುತ್ತಿರುವಾಗಲೇ ಅದರ ಮೂತಿಯ ಜಾಲರಿಗೆ ಹಿಡಿದೆ. ಹೊಗೆ ಸುತ್ತಮುತ್ತ ಹೋಗಲಿಲ್ಲ, ದಸೂಕಿ. ನೇರ ಒಳಗೆ ಹೋಯಿತು. “ನೋಡೇ ನಜಾತ್, ತಾನಾಗೇ ಕುಡೀತಿದೆ. ಎಂಥಾ ಪುಣ್ಯವಂತ ಯಂತ್ರ” ಅಂದೆ. ಅಂದಿನಿಂದ ಪ್ರತಿ ಶುಕ್ರವಾರ ಮೂರು ಚಿಟಿಕೆ. ಅದು ಕೈಕೊಡಲು ಶುರುವಾದ ಮೇಲೆ, ದೃಷ್ಟಿ ಗಟ್ಟಿಯಾಗಿ ತಾಗಿದೆ ಎಂದು ಸೋಮವಾರವೂ ಹಿಡಿದೆ. ನಿನ್ನನ್ನು ಕಳ್ಳ ಎಂದ ಮೇಲೆ, ನಿನ್ನ ಕಣ್ಣು ಬೀಳದಿರಲಿ ಎಂದು ದಿನಾ.

ಫ್ಯಾನಿನ ಹಿಂದೆ, ಶಾಖ ಹೋಗಲೆಂದು ಇಟ್ಟಿರುವ ಬಾಚಣಿಗೆಯಂಥ ತಗಡುಗಳ ನಡುವೆ, ಧೂಪದ ಜಿಡ್ಡೂ ಮನೆಯ ಧೂಳೂ ಸೇರಿ ಕಂಬಳಿಯ ಹಾಗೆ ನೇಯ್ದುಕೊಂಡಿತ್ತು. ರವಾನ್ ಚಿಮಟದಿಂದ ಎಳೆದರೆ ಪಟ್ಟಿಪಟ್ಟಿಯಾಗಿ ಬಂತು. ನಾನು ಹೊರಗಿನ ರೆಕ್ಕೆ ಒರೆಸಿ ಬಿಟ್ಟಿದ್ದೆ. ಬಿಸಿಯಾದಾಗಲೆಲ್ಲ ಆ ಜಿಡ್ಡು ಕರಗಿ ಫ್ಯಾನಿನ ಅಚ್ಚಿಗೂ ಇಳಿದಿತ್ತು. ಬೇರಿಂಗ್ ಹಿಡಿಯುತ್ತಿದ್ದ ಆ ಸದ್ದನ್ನು ಈ ಕಿವಿ ಎರಡು ತಿಂಗಳು ಕೇಳಿತು, ಗುರುತಿಸಲಿಲ್ಲ. ಮೂರನೇ ತರಗತಿಯ ಮಗುವೂ ಬಿಚ್ಚಿ ನೋಡುತ್ತಿತ್ತು. ನಾನು ಮಾತ್ರ ಸಾಕ್ಷಿ ಕಾಯುತ್ತ ಕೂತಿದ್ದೆ.

ಇನ್ನೊಂದನ್ನೂ ಬರೆಯಬೇಕು. ತಗಡನ್ನು ಎತ್ತಿದಾಗ ಕೆಳಗೆ ಕಾರ್ಡಿನ ಚಿಪ್ ಮೇಲೆ ಶಾಖ ಇಳಿಸುವ ಬೂದುಬಣ್ಣದ ಪೇಸ್ಟು ಕಂಡಿತು. ಸಮನಾಗಿ, ತೆಳ್ಳಗೆ, ಅಂಚು ಮೀರದೆ ಬಳಿದಿತ್ತು. “ಇದು ಹೊಸಾದು ಮಾವಾ. ಕೊಡೋಕೆ ಮುಂಚೆ ದಸೂಕಿ ಮಾವನೇ ಹಾಕಿರೋದು. ಯಾರೂ ನೋಡಲ್ಲ ಅಂತ ಗೊತ್ತಿದ್ದೂ ಎಷ್ಟು ನೀಟಾಗಿ ಹಾಕಿದಾರೆ ನೋಡು” ಅಂದಳು ರವಾನ್. ನಿನ್ನ ಸೀಲಿನ ಒಳಗೆ ಇದ್ದದ್ದು ಅದೊಂದೇ.

ಅವಳು ಜಿಡ್ಡು ತೊಳೆದಳು, ಪೇಸ್ಟು ಹಚ್ಚಿದಳು, ಜೋಡಿಸಿದಳು. ಅರವತ್ತೆಂಟು ಡಿಗ್ರಿ. ಅದು ಆಮೇಲೆ ಒಮ್ಮೆಯೂ ಕೈಕೊಡಲಿಲ್ಲ. ಮಾರುಕಟ್ಟೆಗೆ ಚಾವಣಿ ಬಂತು, ಚಾವಣಿಯ ಸಂದುಗಳಿಂದ ಬಿಸಿಲು ಬಂತು, ಕಾಲೇಜಿನಲ್ಲಿ ಎರಡನೆಯ ಸ್ಥಾನವೂ ಬಂತು. ಆ ಎರಡು ತಿಂಗಳು ನಾನು ಹಾಳು ಮಾಡದಿದ್ದರೆ ಮೊದಲನೆಯದೇ ಬರುತ್ತಿತ್ತು. ಅವಳು ಹಾಗೆ ಅನ್ನಲಿಲ್ಲ. ಫಲಿತಾಂಶ ಬಂದ ದಿನ ಸಿಹಿ ಹಂಚಲು ಹೊರಟಿದ್ದ ನನ್ನನ್ನು ಬಾಗಿಲಲ್ಲಿ ತಡೆದು ಅಂದದ್ದು ಬೇರೆ. “ಚಹಾದಂಗಡಿಗೆ ಹೋಗ್ತಿದೀಯಲ್ಲಾ, ಮೊದ್ಲು ಅದನ್ನ ಹೇಳು. ಕಳ್ಳ ಅಂದ ಜಾಗದಲ್ಲೇ ಹೇಳು. ಅದು ಹೇಳ್ದೆ ನನ್ನ ವಿಷ್ಯ ಹೇಳ್ಬೇಡ.”

ಆವತ್ತು ಸಿಹಿ ಹಂಚಲಿಲ್ಲ. ನಿನಗೆ ಫೋನ್ ಮಾಡಿದೆ. ಹದಿನಾಲ್ಕು ಸಲ. ಗುಟ್ಟಾಗಿ ಮುಗಿಸಿಬಿಡೋಣ ಎಂಬ ಆಸೆ ಇತ್ತು, ಅದನ್ನೂ ಬರೆದುಬಿಡುತ್ತೇನೆ. ನೀನು ಎತ್ತದೆ ನನ್ನನ್ನು ಇಕ್ಕಟ್ಟಿಗೆ ಸಿಗಿಸಿದೆ.

ಇಲ್ಲಿಯವರೆಗಿನದನ್ನು ಮನೆಯಲ್ಲಿ ಬರೆದೆ. ಇನ್ನು ಮುಂದಿನದನ್ನು ಶಾಬಾನನ ಚಹಾದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹಾಳೆಯ ಮೇಲೆ ಉಂಗುರದಂತೆ ಬಿದ್ದಿರುವುದು ಚಹಾದ ಕಲೆ. ಬುಧವಾರವೇ ಬಂದೆ, ಅದೇ ಜನ ಇರಲಿ ಎಂದು. ನಿಂತುಕೊಂಡು ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿದೆ. ಅಳಿಸುವ ಹಾಗೆ ಓದಬಲ್ಲೆ ಅಂದುಕೊಂಡಿದ್ದೆ. ಯಾರೂ ಅಳಲಿಲ್ಲ. ಯಂತ್ರ ಧೂಪ ಕುಡಿದ ಜಾಗದಲ್ಲಿ ನಕ್ಕು ನಕ್ಕು ಡಾಮಿನೋ ಚೆಲ್ಲಿದರು. ಅದಕ್ಕೂ ಮುಂಚೆ, ಕಳ್ಳ ಎಂಬಲ್ಲಿಗೆ ಬಂದಾಗ, ನನ್ನ ದನಿ ತಾನಾಗಿ ತಗ್ಗಿತ್ತು. ಶಾಬಾನ್ ಲೋಟ ತೊಳೆಯುವುದನ್ನು ನಿಲ್ಲಿಸಿದ. “ಅದನ್ನ ಇನ್ನೊಂದ್ಸಲ ಓದು ಬಸ್ಯೂನಿ. ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ. ಆವತ್ತು ಮಾತ್ರ ಚೆನ್ನಾಗಿ ಕೇಳ್ಸಿತ್ತು” ಅಂದ. ಇನ್ನೊಂದು ಸಲ ಓದಿದೆ. ಈ ಸಲ ಅಲ್ಲಿ ಯಾರೂ ನಗಲಿಲ್ಲ.

ದಸೂಕಿ ಕಳ್ಳನಲ್ಲ. ಅವನ ಕೈ ಶುದ್ಧವಾಗಿದೆ. ಗಲೀಜು ನನ್ನ ಮನೆಯದು, ನನ್ನ ಕೈಯದು. ಇಷ್ಟನ್ನು ಓದದೆ, ಬಾಯಿಂದಲೇ ಹೇಳಿದೆ. ಹಗುರವಾಯಿತು ಎಂದು ಸುಳ್ಳು ಬರೆಯಲಾರೆ.

ರವಾನ್ ನಾಳೆ ಸೇತುವೆ ದಾಟಿ ಇದನ್ನು ತರುತ್ತಾಳೆ. ಲಕೋಟೆಗೆ ಅಂಟು ಹಚ್ಚಿಲ್ಲ. ದಾರಿಯಲ್ಲಿ ಯಾರು ಬೇಕಾದರೂ ಬಿಚ್ಚಿ ಓದಲಿ. ಒಳಗೆ ನಿನ್ನ ಸೀಲಿನ ಎರಡು ತುಂಡೂ ಇವೆ. ಆರು ತಿಂಗಳಾಗಲು ಇನ್ನೂ ಹನ್ನೊಂದು ದಿನ ಇದೆ. ಒಡೆದವರು ನಾವು, ಈಗ ಅದು ನನ್ನ ಕರ್ಮ, ನೀನು ಹೇಳಿದ್ದೇ ಸರಿ. ಬಂದರೆ ನಿನ್ನ ಕುರ್ಚಿ ಕಿಟಕಿಯ ಪಕ್ಕದಲ್ಲೇ ಇದೆ. ಅದರ ಮೇಲೆ ಯಾರೂ ಕೂರದಂತೆ ನನ್ನ ಶಾಲು ಹಾಕಿದ್ದೇನೆ. ಇವತ್ತು ಇಬ್ಬರ ಹತ್ತಿರ ಅದಕ್ಕೇ ಜಗಳವಾಯಿತು.

ನಿನ್ನ ಎರಡು ಕೈಗಳನ್ನೂ ದೇವರು ಸುಖವಾಗಿಟ್ಟಿರಲಿ.

ಇಂತಿ,
ನಂಬರ್ ಬ್ಲಾಕ್ ಆದ ನಿನ್ನ ಗೆಳೆಯ
ಬಸ್ಯೂನಿ, ಝಿಫ್ತಾ