ಹೂಂ ಅಥವಾ ಇಲ್ಲ

ಅಪ್ಪಾ,

‘ಪರೀಕ್ಷೆಗೆ ಬಾರದ ಪಾಠ’ ಅಂತ ನೀನು ನಗುತ್ತಿದ್ದೆಯಲ್ಲ, ಮೂರನೇ ಕ್ಲಾಸಿನ ಮಕ್ಕಳಿಗೆ ನಾನು ಹೇಳಿಕೊಡುವ ಆ ಪಾಠ ಇವತ್ತು ಹೆಡ್‌ಮಾಸ್ತರರನ್ನೇ ಹಿಡಿದು ನಿಲ್ಲಿಸಿತು.

ಇವತ್ತಿನ ವಿಷಯ, ಕೊಟ್ಟ ಮಾತು. “ಮಿಸ್, ದೊಡ್ಡೋರು ‘ನೋಡೋಣ’ ಅಂದ್ರೆ ‘ಇಲ್ಲ’ ಅಂತ ಅರ್ಥ,” ಅಂದಳು ಪಟಾಕಿ. ಮುಂದಿನ ಬೆಂಚಿನ ಚೋಟುದ್ದದ ಹುಡುಗಿಗೆ ನಾನಿಟ್ಟ ಹೆಸರು ಅದು. ಹಾಗಾದರೆ ನಮ್ಮ ಕ್ಲಾಸಿನಲ್ಲಿ ಆ ಮಾತೇ ಬೇಡ, ಹೂಂ ಅಥವಾ ಇಲ್ಲ, ಅಷ್ಟೇ ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು.

ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದರು. ಮುರಿದ ಉಯ್ಯಾಲೆ ರಿಪೇರಿ ಮಾಡಿಸ್ತೀರಾ ಎಂದು ಮಕ್ಕಳು ಕೇಳಿದರು.

“ನೋಡೋಣ,” ಅಂದರು.

ಪಟಾಕಿ ಎದ್ದು ನಿಂತು, ಕೈಕಟ್ಟಿ, “ಸಾರ್, ಹೂಂ ಅಂತಾನಾ, ಇಲ್ಲ ಅಂತಾನಾ? ಇಲ್ಲ ಅಂದ್ರೂ ಬೇಜಾರಿಲ್ಲ ಸಾರ್,” ಅಂದಳು.

ಅವರು ತಲೆ ಕೆರೆದುಕೊಂಡು, “ಹೂಂ ಕಣಮ್ಮಾ, ಸೋಮವಾರ,” ಅಂದರು. ನನಗೆ ಕೋಡು ಮೂಡುವುದೊಂದು ಬಾಕಿ!

ನೀನಿದ್ದಾಗ ಒಮ್ಮೆ, “ನನ್ನ ಕ್ಲಾಸು ನೋಡೋಕೆ ಬರ್ತೀಯಾ ಅಪ್ಪಾ?” ಅಂತ ಕೇಳಿದ್ದೆ. ನೀನು ಪೇಪರಿನಿಂದ ತಲೆಯೆತ್ತದೆ “ನೋಡೋಣ” ಅಂದೆ. ನಾನು ಎರಡನೇ ಸಲ ಕೇಳದೆ, ಬಾಗಿಲು ಮುಂದೆ ಮಾಡಿಕೊಂಡು ಕ್ಲಾಸಿಗೆ ಹೊರಟೆ.