ಕನ್ನಡದಲ್ಲಿ ಬರೆದಿಟ್ಟ ನಲವತ್ತು

ಶುಕ್ರವಾರ, 17 ಏಪ್ರಿಲ್ 2026
ಬೆಳಿಗ್ಗೆ, ನಮ್ಮ ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಸೌಭಾಗ್ಯಾ,

ಎಂಟು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಎರಡು ಬೀದಿ ಆಚೆ ಇರುವವಳಿಗೆ ಪತ್ರ ಬರೆಯುವ ಹಾಗಾಯಿತು ನೋಡು. ಇದನ್ನು ನಾನೇ ಬಂದು ನಿಮ್ಮ ಬ್ರೀಫ್‌ಕಾಸ್ಟನ್ ಅಂಚೆಪೆಟ್ಟಿಗೆಗೆ ಹಾಕಿ, ಗಂಟೆ ಒತ್ತದೆ ವಾಪಸ್ ಹೋಗುತ್ತೇನೆ. ಕೊನೆಯ ತನಕ ಓದು. ಬೈಯುವುದಕ್ಕೆ ಬೇಕಾದಷ್ಟು ಸರಕು ಸಿಗುತ್ತದೆ.

ನಾಳೆ ಹತ್ತು ಗಂಟೆಗೆ ನಿಮ್ಮ ಎಸ್‌ಪಿಡಿ ಪಕ್ಷದ ಸದಸ್ಯರು ನಮ್ಮ ಹಸಿರು ಪಕ್ಷದ ಜೊತೆಗಿನ ಒಪ್ಪಂದದ ಮೇಲೆ ಮತ ಹಾಕುತ್ತಾರೆ. ನಗರಸಭೆಯ ಇಪ್ಪತ್ತನಾಲ್ಕು ಸ್ಥಾನಗಳಲ್ಲಿ ನಿಮ್ಮದು ಏಳು, ನಮ್ಮದು ಆರು. ಒಬ್ಬರು ಮುನಿಸಿಕೊಂಡರೂ ಬಹುಮತ ಹೋಯಿತು. ಆದರೆ ನಾನು ಬರೆಯುತ್ತಿರುವುದು ಅದಕ್ಕಲ್ಲ. ನಿಮ್ಮವರೇ ನಿನ್ನ ಮೇಲೆ ಬೆರಳು ತೋರಿಸುತ್ತಿದ್ದಾರೆಂದು ನಿನ್ನ ಗಂಡ ಸಂತೋಷಕುಮಾರ ಬೇಕರಿಯಲ್ಲಿ ನನ್ನ ಗಂಡ ಇಬ್ರಾರ್‌ಗೆ ಹೇಳಿದರಂತೆ. ಗುಟ್ಟು ಹೊರಗೆ ಹೋಗಿದೆ, ಆ ಇಬ್ಬರು ಗೆಳತಿಯರು ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ನಿಮ್ಮ ಅಧ್ಯಕ್ಷರು ಎಲ್ಲರೆದುರು ಅಂದರಂತೆ. ನೀನು ರಾಜೀನಾಮೆ ಬರೆದಿಟ್ಟಿದ್ದೀಯಂತೆ.

ಅದನ್ನು ಹರಿದು ಹಾಕು. ನೀನು ಯಾರಿಗೂ ಏನೂ ಹೇಳಿಲ್ಲ. ಕದ್ದು ಓದಿದವಳು ನಾನು.

ಕಳೆದ ಗುರುವಾರ ನೆನಪಿದೆಯಲ್ಲ, ಅಗ್ನಿಶಾಮಕ ದಳದ ಹಾಲ್‌ನಲ್ಲಿ ಕೊನೆಯ ಸುತ್ತು. ಕರಡಿನಲ್ಲಿ ಒಪ್ಪಿದ್ದೆಲ್ಲ ಕಪ್ಪು ಅಕ್ಷರ, ನೀವು ಕೇಳಿದ್ದು ಕೆಂಪು, ನಾವು ಕೇಳಿದ್ದು ಹಸಿರು. ಶಿಶುವಿಹಾರ, ಬಾಡಿಗೆ ಮನೆ, ಶಾಲೆಯ ಮಾಡಿನ ಮೇಲಿನ ಸೋಲಾರ್, ಎಲ್ಲ ಕಪ್ಪಾಗಿತ್ತು. ಬಣ್ಣ ಉಳಿದದ್ದು ಮಾರುಕಟ್ಟೆ ಚೌಕದ ಅರವತ್ತು ಪಾರ್ಕಿಂಗ್ ಜಾಗಕ್ಕೆ ಮಾತ್ರ. ನಲವತ್ತು ತೆಗೆದು ಮರ ನೆಡಬೇಕು, ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗಬೇಕು ಎಂದು ನಾವು. ಹತ್ತಕ್ಕಿಂತ ಒಂದೂ ಹೆಚ್ಚಿಲ್ಲ ಎಂದು ನೀವು. ಬೆಳಗಿನ ಪಾಳಿಯವರು ಐದು ಗಂಟೆಗೆ ಅಲ್ಲಿ ಕಾರು ನಿಲ್ಲಿಸಿ ಇಂಗೋಲ್‌ಸ್ಟಾಟ್‌ನ ಕಾರ್ಖಾನೆ ಬಸ್ಸು ಹತ್ತುತ್ತಾರೆ, ಅವರು ಕಾರನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಬೇಕೇ ಎಂದು ನೀನು ಕೇಳಿದೆ. ನಮ್ಮ ಕಡೆಯವರೂ ನಕ್ಕರು. ನಿನ್ನ ಮಾತು ಸರಿಯಿತ್ತು, ಅದಕ್ಕೇ ನನಗೆ ಸಿಟ್ಟು ಬಂತು.

ಆಮೇಲೆ ಈ ದೇಶದವರ ದೊಡ್ಡ ವ್ರತ, ಲ್ಯುಫ್ಟನ್. ಕಿಟಕಿಗಳನ್ನೆಲ್ಲ ತೆರೆದು, ಹತ್ತು ನಿಮಿಷ ಗಾಳಿಯಾಡಲೆಂದು ಎಲ್ಲರೂ ಕಾರಿಡಾರಿಗೆ ಹೋದರು. ನಾನು ಶಾಲು ಮರೆತೆನೆಂದು ಒಳಗೆ ಬಂದೆ. ನಿನ್ನ ನೋಟ್‌ಬುಕ್ ಮೇಜಿನ ಮೇಲೆ ತೆರೆದೇ ಇತ್ತು. ಗಾಳಿಗೆ ಪುಟ ತಿರುಗಿ ಕಣ್ಣಿಗೆ ಬಿತ್ತು ಎನ್ನಬಹುದಿತ್ತು. ಸುಳ್ಳು. ನಾನೇ ಬಗ್ಗಿ ಓದಿದೆ.

ಅದೆಷ್ಟು ಧೈರ್ಯವಾಗಿ ಬರೆದಿಟ್ಟಿದ್ದೆ ಮಾರಾಯ್ತಿ! ಪಕ್ಷದ ಗುಟ್ಟೆಲ್ಲ ದುಂಡಗಿನ ಕನ್ನಡದಲ್ಲಿ, ಬೀಗವೂ ಬೇಡ, ಕೀಲಿಯೂ ಬೇಡ. ಜರ್ಮನರು ಯಾರೂ ಓದಲಾರರು, ನಿಜ. ಎದುರಿಗೆ ಕೂತವಳು ಧಾರವಾಡದಲ್ಲಿ ನಿನ್ನ ನೋಟ್ಸ್ ಓದಿಯೇ ಇಂಜಿನಿಯರಿಂಗ್ ಪಾಸಾದವಳು ಎನ್ನುವುದನ್ನು ಹೇಗೆ ಮರೆತೆ? ನಿನ್ನ ಅಕ್ಷರ ನನಗೆ ತಲೆಕೆಳಗಾಗಿದ್ದರೂ ಓದಲು ಬರುತ್ತದೆ. ‘ಕೊನೆಗೆ ನಲವತ್ತು’ ಎಂದಿತ್ತು. ಒತ್ತಿದರೆ ನೀವು ನಲವತ್ತಕ್ಕೂ ಇಳಿಯುತ್ತೀರಿ ಎಂದು ತಿಳಿಯಲು ಅಷ್ಟು ಸಾಕಾಯಿತು.

ಒಳಗೆ ಬಂದ ಮೇಲೆ ನಾನು ಆಡಿದ ಆಟ ನೀನು ನೋಡಿದ್ದೀಯ. ನಲವತ್ತಕ್ಕಿಂತ ಒಂದು ಕಡಿಮೆಯಾದರೂ ಎದ್ದು ಹೋಗುತ್ತೇವೆ ಎಂದು ಫೈಲು ಮುಚ್ಚಿದೆ. ನೀವು ಒಪ್ಪಿದಿರಿ. ನಮ್ಮವರು ನನ್ನನ್ನು ಉಕ್ಕಿನ ಹೆಂಗಸು ಎಂದರು, ಎರಡನೇ ಮೇಯರ್ ಸ್ಥಾನಕ್ಕೆ ನನ್ನ ಹೆಸರು ಬರೆದರು. ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಡ. ಆ ದಿನ ಆಗಲಿಲ್ಲ, ಬಹಳ ಖುಷಿಯಾಯಿತು. ನಾಚಿಕೆಯಾದದ್ದು ಇಬ್ರಾರ್ ಬೇಕರಿಯಿಂದ ಬಂದ ಮೇಲೆ. ಸುದ್ದಿ ಕೇಳುತ್ತಲೇ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ನೀನು ಕೈಹಿಡಿದು ಕರೆದುಕೊಂಡು ಹೋಗದಿದ್ದರೆ ನಾನು ಈ ಊರಿನ ಒಂದು ಸಭೆಗೂ ಹೋಗುತ್ತಿರಲಿಲ್ಲ. ಅಂಥವಳ ಹೆಸರಿಗೆ ನನ್ನಿಂದ ಮಸಿ ಹತ್ತಿತು.

ನಿನ್ನೆ ಮಧ್ಯಾಹ್ನ ನಮ್ಮ ಉಳಿದ ಐವರನ್ನೂ ಕೂರಿಸಿ ಎಲ್ಲ ಹೇಳಿದೆ. ಒಬ್ಬರು ಎದ್ದು ಹೋದರು, ಮತ್ತೆ ಬಂದರು. ಮೇಯರ್ ಸ್ಥಾನಕ್ಕೆ ನನ್ನ ಹೆಸರು ನಾನೇ ತೆಗೆಸಿದೆ. ಚೌಕದ ಕಲಮನ್ನು ಮತ್ತೆ ತೆರೆಯೋಣ ಎಂದಾಗ ನಾಲ್ವರು ಕೈ ಎತ್ತಿದರು, ಐದನೆಯವರು ಗೊಣಗಿ ಎತ್ತಿದರು. ಹೀಗೆ ಆಯಿತು ಎಂದು ಜರ್ಮನ್‌ನಲ್ಲಿ ಬರೆದು ಸಹಿ ಮಾಡಿದ ಕಾಗದವನ್ನು ಇವತ್ತು ಹನ್ನೆರಡರೊಳಗೆ ನಿಮ್ಮ ಅಧ್ಯಕ್ಷರ ಕೈಗೇ ಕೊಡುತ್ತೇನೆ. ನಾಳೆ ಅವರು ಅದನ್ನು ಮತದಾನಕ್ಕೆ ಮೊದಲು ಓದಬೇಕು. ಓದದಿದ್ದರೆ ನಾನೇ ಬಾಗಿಲಲ್ಲಿ ನಿಂತು ಓದುತ್ತೇನೆ. ನನ್ನ ಗಂಟಲು ನಿನಗೆ ಗೊತ್ತಲ್ಲ.

ನಾಳೆ ಒಪ್ಪಂದ ಪಾಸಾಗುತ್ತದೆ. ನನಗೆ ಅನುಮಾನವೇ ಇಲ್ಲ. ಬಸ್ ನಿಲ್ದಾಣದ ಕಡೆಯ ಸಾಲನ್ನು ಪಾಳಿಯವರಿಗೆ ಬಿಟ್ಟು ಶಾಲೆಯ ಕಡೆ ಮರ ನೆಟ್ಟರೆ ಇಬ್ಬರ ಮಾತೂ ಉಳಿಯುತ್ತದೆ. ಆ ಕಲಮನ್ನು ನೀನು ಬರೆ, ನಾನು ಕಪ್ಪು ಮಾಡಿಸುತ್ತೇನೆ. ಈ ನಗರಸಭೆಯ ಅವಧಿ ಮುಗಿಯುವ ತನಕ ಆರು ವರ್ಷ ಜಗಳವಾಡುವುದಿದೆ. ಎದುರಿಗೆ ನೀನಿಲ್ಲದಿದ್ದರೆ ನನಗೆ ರುಚಿಯೇ ಇಲ್ಲ.

ಕ್ಷಮಿಸು ಎಂದು ಒಂದೇ ಸಲ ಬರೆಯುತ್ತೇನೆ. ಕ್ಷಮಿಸು.

ನಿನ್ನ,
ಹಿನಾ

ತಾ.ಕ.: ನಲವತ್ತು ಎನ್ನುವುದನ್ನು ಮಾತ್ರ ಓದಿದೆ ಎಂದು ಜರ್ಮನ್ ಕಾಗದದಲ್ಲಿ ಬರೆದಿದ್ದೇನೆ. ನಿನಗೆ ಹಾಗೆ ಬರೆಯಲಾರೆ. ಅದರ ಕೆಳಗೆ ಇನ್ನೊಂದು ಸಾಲಿತ್ತು. ‘ಹಿನಾ ಹಟ ಹಿಡಿದ್ರ ಅಷ್ಟೂ ಬಿಡೂಣು. ಆಕಿ ಸುಳ್ಳ ಹಟ ಮಾಡಾಕಿ ಅಲ್ಲ.’ ಅದನ್ನು ಓದಿದ ಮೇಲೆಯೇ ನಾನು ಫೈಲು ಮುಚ್ಚಿದ್ದು. ನಮಗೆ ಇಪ್ಪತ್ತೈದು ಸಾಕಾಗಿತ್ತು, ಸೌಭಾಗ್ಯಾ.